ಮುಟ್ಟಿಸಿಕೊಂಡ ಕಾಸು

ನಾಣ್ಯ ಕೂಡಿಡುವುದು ರಾಜರ ಹವ್ಯಾಸ ಅಂತ ಆ ವಿಷಯದ ಪುಸ್ತಕಗಳು ಹೇಳಿಕೊಳ್ಳುತ್ತವೆ. ಇರಬಹುದು. ಟಂಕಸಾಲೆ ಅವರದು, ಅಚ್ಚಿನ ಮೇಲಿನ ಮುಖ ಅವರದು, ಖಜಾನೆ ಅವರದು. ಹವ್ಯಾಸವೂ ಅವರದೇ ಆದರೆ ಆಶ್ಚರ್ಯವೇನಿದೆ? ಆದರೆ ಒಂದು ಕಾಸು ರಾಜನ ಕೈಯಲ್ಲಿ ಎಷ್ಟು ದಿನ ಇದ್ದೀತು? ಸಾಲೆಯಿಂದ ಹೊರಬಿದ್ದ ಮೇಲೆ ಅದು ಸಂತೆಗೆ ಬಂತು, ಗದ್ದೆಬಯಲಿಗೆ ಬಂತು, ಕೂಲಿಯವಳ ಸೆರಗಿನ ಗಂಟಿಗೆ ಬಂತು, ಅಲ್ಲಿಂದ ಸಾಲ ಕೊಟ್ಟವನ ಪೆಟ್ಟಿಗೆ ಸೇರಿತು. ಈ ದಾರಿಯ ಕತೆ ಆ ಪುಸ್ತಕಗಳಲ್ಲಿ ಸಿಗುವುದಿಲ್ಲ. ನಾನು ಏಳೆಂಟು ವರ್ಷದಿಂದ ಹಳೇ ಕಾಸು ಕೂಡಿಡುತ್ತಿದ್ದೇನೆ. ಹುಡುಕುತ್ತಿರುವುದು ಆ ದಾರಿಯನ್ನೇ.

ನಾಣ್ಯಕ್ಕೆ ದರ್ಜೆ ಕಟ್ಟುವ ಕ್ರಮ ಒಂದಿದೆ. ವಿಲಿಯಂ ಶೆಲ್ಡನ್ ಎಂಬ ಅಮೆರಿಕದವನು 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗೆ 1ರಿಂದ 70ರವರೆಗೆ ಅಂಕ ಹಾಕುವ ಪದ್ಧತಿ ಮಾಡಿದ. ಈಗ ಅದೇ ಅಳತೆ ಎಲ್ಲ ದೇಶದ ನಾಣ್ಯಕ್ಕೂ ಬಂದಿದೆ. ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ ವ್ಯಾಪಾರಿಗಳು ಬಾಯಿಮಾತಿನಲ್ಲೇ ದರ್ಜೆ ಹೇಳುತ್ತಾರೆ: ಪೂರ್, ಫೇರ್, ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್. 'ಗುಡ್' ಅಂದರೆ ಒಳ್ಳೆಯದು ಅಂತ ತಿಳಿಯಬೇಡಿ. ಮುಖದ ಗೆರೆ ಮಾತ್ರ ಉಳಿದು ಒಳಗಿನದೆಲ್ಲ ಅಳಿಸಿಹೋದದ್ದು 'ಗುಡ್'. ನಾಣ್ಯವನ್ನು ಬೆಳಕಿಗೆ ಓರೆಯಾಗಿ ಹಿಡಿದು ಉಬ್ಬಿದ ಭಾಗಗಳನ್ನು ನೋಡಬೇಕು. ವಿಕ್ಟೋರಿಯಾ ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಐದನೇ ಜಾರ್ಜನ ಕಿರೀಟ ಮೊದಲು ಸವೆಯುತ್ತವೆ. ಕೂದಲಿನ ಎಳೆ ಎಣಿಸುವಂತಿದ್ದರೆ ಬೆಲೆ ಏರುತ್ತದೆ, ಬೋಳಾಗಿದ್ದರೆ ಇಳಿಯುತ್ತದೆ. ಎಲ್ಲಕ್ಕಿಂತ ಮೇಲೆ, 60ರಿಂದ 70ರ ಅಂಕದಲ್ಲಿ, 'ಅನ್‌ಸರ್ಕ್ಯುಲೇಟೆಡ್' ಕೂತಿದೆ. ಅಂದರೆ ಚಲಾವಣೆಯನ್ನೇ ಕಾಣದ್ದು. ಸಂತೆಗೆ ಹೋಗದ್ದು, ಯಾರ ಬೆವರೂ ತಗಲದ್ದು. ಯಾರೂ ಮುಟ್ಟದ್ದಕ್ಕೇ ಹೆಚ್ಚು ಬೆಲೆ.

ಈ 'ಯಾರೂ ಮುಟ್ಟದ್ದು' ಅನ್ನುವುದು ಬೇರೆಯವರಿಗೆ ಬರೀ ಲೋಹದ ಮಾತು. ನಮಗೆ ಹಾಗಲ್ಲ. ತಾತ ಹೇಳುತ್ತಿದ್ದ: ಕೂಲಿ ಕೊಡುವಾಗ ಮೇಲಿನಿಂದ ಬಿಡುತ್ತಿದ್ದರಂತೆ, ಕೆಳಗೆ ಟವಲ್ಲು ಒಡ್ಡಬೇಕಿತ್ತಂತೆ. ಅಂಗಡಿಯಲ್ಲಿ ಉಪ್ಪು, ಎಣ್ಣೆ ಕೊಳ್ಳುವಾಗ ಕಾಸನ್ನು ಹೊಸ್ತಿಲ ಹೊರಗೆ ನೆಲದ ಮೇಲೆ ಇಟ್ಟು ಹಿಂದೆ ಸರಿಯಬೇಕಿತ್ತು. "ನೀರ್ ಚಿಮುಕ್ಸಿ ಎತ್ಕೊಳ್ಳೋರು ಕಣ್ಲಾ. ಕಾಸು ಸುದ್ಧ ಆಗೋದು. ನಾವು ಆಗ್ತಿರ್ನಿಲ್ಲ." ಆ ಕಾಸು ಒಂದು ಕ್ಷಣ ನೆಲದ ಮೇಲಿತ್ತು, ಆಮೇಲೆ ಗಲ್ಲಾಪೆಟ್ಟಿಗೆಯಲ್ಲಿತ್ತು. ಮನುಷ್ಯ ಹೊಸ್ತಿಲಾಚೆಯೇ ನಿಂತಿದ್ದ.

ನಾಣ್ಯ ಸಂಗ್ರಹದವರು ಹೊಸಬರಿಗೆ ಕಲಿಸುವ ಮೊದಲ ಪಾಠ ಏನು ಗೊತ್ತೇ? ನಾಣ್ಯ ತೊಳೆಯಬೇಡ. ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ತಾಮ್ರದ ಮೇಲೆ ಕಾಲ ಕಟ್ಟಿದ ಕಂದು ಪದರ ಹೋಗುತ್ತದೆ. ಕಾಸು ಥಳಥಳ ಹೊಳೆಯುತ್ತದೆ, ಬೆಲೆ ಮಾತ್ರ ಬಿದ್ದುಹೋಗುತ್ತದೆ. ಬಲ್ಲವರು ಒಂದೇ ನೋಟಕ್ಕೆ ಇದು ತೊಳೆದದ್ದು ಅಂತ ಪಕ್ಕಕ್ಕೆ ಸರಿಸುತ್ತಾರೆ. ಇದನ್ನು ಓದಿದ ದಿನ ನನಗೆ ನಗು ಬಂತು. ನಮ್ಮ ಕೈಯಿಂದ ಬಂದ ಕಾಸನ್ನು ತೊಳೆದು ಒಳಗೆ ತೆಗೆದುಕೊಂಡವರಿಗೆ ಈ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ!

ದೊಡ್ಡ ಸಂಗ್ರಹಗಳಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಈ ನಾಣ್ಯ ಎಲ್ಲಿಂದ ಬಂತು, ಹಿಂದೆ ಯಾರ ಬಳಿ ಇತ್ತು? ಅರಮನೆಯ ಸಂಗ್ರಹದ್ದು, ಹೆಸರಾಂತ ಶ್ರೀಮಂತರದ್ದು ಅಂದರೆ ಬೆಲೆ ಜಾಸ್ತಿ. ನನ್ನ ಸಂಗ್ರಹ ಎಲ್ಲಿಂದ ಬಂತು, ಹೇಳುತ್ತೇನೆ. ಕೈಲಾಂಚದ ಕಡೆ ನಮ್ಮ ತಾತ, ತಾತನ ಅಪ್ಪ ತಮಟೆ ಬಡಿಯುತ್ತಿದ್ದರು. ಊರಲ್ಲಿ ಹೆಣ ಎದ್ದರೆ ಮುಂದೆ ತಮಟೆ, ಹಿಂದೆ ಚಟ್ಟ. ದಾರಿಯುದ್ದ ಪುರಿ ಎರಚುತ್ತಾರೆ, ಪುರಿಯ ಜೊತೆ ಚಿಲ್ಲರೆ ಕಾಸು. ಹೆಣದ ಮೇಲಿನ ಕಾಸನ್ನು ಊರಿನವರು ಎತ್ತುವುದಿಲ್ಲ. ಕೇರಿಯ ಹುಡುಗರು ಎತ್ತುತ್ತಿದ್ದರು. ಅದರಲ್ಲಿ ಕೆಲವನ್ನು ತಾತ ಖರ್ಚು ಮಾಡದೆ ಎಲೆಯಡಿಕೆ ಸಂಚಿಯಲ್ಲಿ ಇಟ್ಟ. ಯಾಕೆ ಇಟ್ಟ ಅಂತ ಅವನೂ ಹೇಳಲಿಲ್ಲ.

ಆ ಸಂಚಿಯಲ್ಲಿ 1862ರ ರಾಣಿ ತಲೆಯ ಕಾಲಾಣೆ ಎರಡಿವೆ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರಿಂದ ಹೊಡೆದ ತೂತುಕಾಸು ಐದಾರಿವೆ. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನೂರು ಪೈಸೆಯ ಲೆಕ್ಕ ಬಂದಾಗಿನ 'ನಯಾ ಪೈಸೆ' ಇದೆ. 1968ರಲ್ಲಿ ಬಂದ, ತಾವರೆ ಹೂವಿನ ಹಳದಿ ಇಪ್ಪತ್ತು ಪೈಸೆ ಇದೆ. ಆರು ಮೂಲೆಯ ಅಲ್ಯೂಮಿನಿಯಂ ಮೂರು ಪೈಸೆಯಂತೂ ಗುಡ್ಡೆಯಾಗಿ ಬಿದ್ದಿವೆ. ಒಂದು ಮೈಸೂರಿನ ತಾಮ್ರವೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 'ಮಯಿಲಿ ಕಾಸು' ಅಂತ ಕನ್ನಡದಲ್ಲೇ ಬರೆದಿದ್ದ ಜಾತಿಯದು. ಮೇಲಿನ ಪ್ರಾಣಿ ಪೂರಾ ಸವೆದಿದೆ, ಅಕ್ಷರ ನಾಲ್ಕೇ ಉಳಿದಿವೆ. ಪ್ರದರ್ಶನವೊಂದರಲ್ಲಿ ಒಬ್ಬ ವ್ಯಾಪಾರಿಗೆ ತೋರಿಸಿದೆ. "ಪೂರ್" ಅಂದ. ಎಲ್ಲಿಂದ ಬಂತು ಅಂತ ಕೇಳಿದ. ಹೆಣದ ದಾರಿಯಿಂದ ಅಂದೆ. ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡ.

ಕಾಸನ್ನು ಎತ್ತಿದವರ ಹೆಸರು ದೊಡ್ಡ ನಿಧಿಗಳಲ್ಲೂ ಉಳಿಯುವುದಿಲ್ಲ. 1891ರಲ್ಲಿ ಯಶವಂತಪುರದಲ್ಲಿ ರೋಮನ್ನರ 163 ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯಲ್ಲಿ 256 ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ಅಂತ ಚಕ್ರವರ್ತಿಗಳ ಹೆಸರು ನಾವು ಬಾಯಿಪಾಠ ಮಾಡಬಹುದು. ಮಣ್ಣು ಅಗೆದವರು ಯಾರು? ಬ್ರಿಟಿಷರ 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. ವಾರಸುದಾರ ಇಲ್ಲದಿದ್ದರೆ ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ನೆಲದ ಒಡೆಯನಿಗೆ. ನಮ್ಮ ರಾಜ್ಯ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಕಾಯ್ದೆ ಯಾವುದೇ ಇರಲಿ, ನನ್ನ ಪ್ರಶ್ನೆ ಒಂದೇ. ಕಂಡವನು ಅಂದರೆ ಯಾರು? ಗುದ್ದಲಿ ಹಿಡಿದವನೋ, ಹಿಡಿಸಿದವನೋ?

ಇನ್ನು ಸಾಚಾ ಖೋಟಾ ನೋಡುವುದು. ಇದಕ್ಕೆ ದೊಡ್ಡ ಯಂತ್ರ ಬೇಡ, ಒಂದು ಚಿನಿವಾರ ತಕ್ಕಡಿ, ಒಂದು ಭೂತಗನ್ನಡಿ, ಒಂದು ಅಯಸ್ಕಾಂತ ಸಾಕು. ರಾಣಿ ರೂಪಾಯಿಯ ತೂಕ 180 ಗ್ರೇನು, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಬೆಳ್ಳಿ ರೂಪಾಯಿ ಅಯಸ್ಕಾಂತಕ್ಕೆ ಅಂಟಿದರೆ ಖೋಟಾ. ಆದರೆ 1947ರ ಹುಲಿ ರೂಪಾಯಿ ಅಂಟುತ್ತದೆ. ಅದು ನಿಕ್ಕಲ್ಲಿನದು, ಅಂಟಿದರೇನೇ ಸಾಚಾ. ಎರಕ ಹೊಯ್ದ ಖೋಟಾ ನಾಣ್ಯದ ಮೈಯಲ್ಲಿ ಗುಳ್ಳೆಯ ಸಣ್ಣ ಕುಳಿಗಳಿರುತ್ತವೆ, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ ಕಾಣುತ್ತದೆ, ಅಕ್ಷರಗಳು ಸೋಪು ಕರಗಿದ ಹಾಗೆ ಮೊಂಡಾಗಿರುತ್ತವೆ. ಸವೆದ ಸಾಚಾ ನಾಣ್ಯ ಹಾಗಲ್ಲ. ಉಬ್ಬು ಮಾತ್ರ ಸವೆದು ತಗ್ಗು ಹಾಗೇ ಉಳಿದಿರುತ್ತದೆ. ಸವೆತಕ್ಕೂ ಒಂದು ನ್ಯಾಯ ಇದೆ, ಅದನ್ನು ನಕಲು ಮಾಡುವುದು ಕಷ್ಟ.

ಇದನ್ನೆಲ್ಲ ನಮ್ಮ ಹುಡುಗರು ಕಲಿಯಬೇಕು ಅನ್ನುವುದಕ್ಕೆ ಕಾರಣ ಇದೆ. 1818 ಅಂತ ಇಸವಿ ಹಾಕಿ ಹನುಮಂತನ ಚಿತ್ರ ಒತ್ತಿದ 'ಈಸ್ಟ್ ಇಂಡಿಯಾ ಕಂಪನಿ' ಕಾಸುಗಳು ಜಾತ್ರೆಗಳಲ್ಲಿ ಓಡಾಡುತ್ತವೆ. ಕಂಪನಿ ಅಂಥ ಕಾಸನ್ನು ಟಂಕಿಸಿಯೇ ಇಲ್ಲ. ಇನ್ನು ಅಕ್ಕಿಕಾಳನ್ನು ಎಳೆಯುವ ಕಾಸು ಅಂತ 'ರೈಸ್ ಪುಲ್ಲಿಂಗ್' ಹೆಸರಲ್ಲಿ ಹೊಲ ಮಾರಿಸಿದವರಿದ್ದಾರೆ. ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರಲ್ಲೇ ಫೋನು ಬರುತ್ತದೆ. ತನಗೂ ಅದಕ್ಕೂ ಸಂಬಂಧವಿಲ್ಲ ಅಂತ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟಿತು. ಅದು ಇಂಗ್ಲಿಷು ಓದುವವರಿಗೆ ತಲುಪಿತು. ಕಮಿಷನ್ ಕಟ್ಟುವವರಿಗೆ ತಲುಪಿತೆ?

ಸಾಚಾ ಖೋಟಾದ ಮಾತು ಬಂದಾಗಲೆಲ್ಲ ನನಗೆ ಅವ್ವನ ಬೆರಳು ನೆನಪಾಗುತ್ತದೆ. ಅವ್ವ ರೇಷ್ಮೆ ನೂಲು ಬಿಚ್ಚುವ ಕೆಲಸದವಳು. ದಿನವಿಡೀ ಬಿಸಿನೀರ ಬೋಗುಣಿಯಲ್ಲಿ ಬೇಯುವ ಗೂಡಿನಿಂದ ಎಳೆ ಹುಡುಕಿ ಹಿಡಿಯಬೇಕು. ಇಪ್ಪತ್ತು ವರ್ಷದಲ್ಲಿ ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋದವು. ಅಕ್ಕಿ ತರಲು ಹೋದರೆ ಹೆಬ್ಬೆಟ್ಟಿನ ಯಂತ್ರ ಅವಳನ್ನು ಗುರುತು ಹಿಡಿಯಲಿಲ್ಲ. ಒರೆಸಿ ಇಟ್ಟಳು, ಎಣ್ಣೆ ಹಚ್ಚಿ ಇಟ್ಟಳು, ಆ ಬೆರಳು ಈ ಬೆರಳು ಇಟ್ಟಳು. ಮೂರು ದಿನ ಬರಿಗೈಲಿ ಬಂದಳು. "ನಾನೇ ಅಲ್ವಂತೆ ನಾನು" ಅಂತ ಚೀಲ ಮೂಲೆಗೆಸೆದು ಕೂತಳು. ಮುಖ ಪೂರಾ ಅಳಿಸಿದ ರೂಪಾಯಿಯನ್ನೂ ನಾನು ತೂಗಿ, ಅಂಚು ನೋಡಿ, ಇದು ಸಾಚಾ ಅಂತ ಹೇಳಬಲ್ಲೆ. ಲೋಹಕ್ಕೆ ಇಷ್ಟು ಅವಕಾಶ ಇದೆ. ದುಡಿದು ಸವೆದ ಮನುಷ್ಯಳಿಗೆ ಒಂದು ಹೆಬ್ಬೆಟ್ಟು ಬಿಟ್ಟರೆ ಬೇರೆ ಸಾಕ್ಷಿ ಬೇಡವೆ?

ರೂಪಾಯಿಯ ವಿಷಯದಲ್ಲಿ ನಮ್ಮ ಪರ ಮೊದಲು ಯೋಚಿಸಿದವರು ಬಾಬಾಸಾಹೇಬರು. ಅವರ 'ದಿ ಪ್ರಾಬ್ಲಂ ಆಫ್ ದಿ ರುಪೀ' ಬಂದದ್ದು 1923ರಲ್ಲಿ. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯವನ್ನೂ ಹೇಳಿದರು. ರೂಪಾಯಿಯ ಬೆಲೆ ಇಳಿದಾಗ ಲಾಭ ವ್ಯಾಪಾರಿಗೆ, ಏಟು ಕೂಲಿಯವನಿಗೆ, ಯಾಕೆಂದರೆ ಸಾಮಾನಿನ ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ ಅನ್ನುವುದನ್ನು ಅವರು ಲೆಕ್ಕಹಾಕಿ ತೋರಿಸಿದರು. ನೆಲದ ಮೇಲಿಟ್ಟ ಕಾಸಿನ ಜಾತಿಯಿಂದ ಬಂದವರು ದೇಶದ ನಾಣ್ಯಕ್ಕೇ ದರ್ಜೆ ಕಟ್ಟಿದರು.

1990ರಲ್ಲಿ ಅವರ ಜನ್ಮಶತಾಬ್ದಿಗೆ ಸರ್ಕಾರ ಅವರ ಮುಖದ ಒಂದು ರೂಪಾಯಿ ಹೊರಡಿಸಿತು. 2015ರಲ್ಲಿ 125ನೇ ವರ್ಷಕ್ಕೆ 10 ಮತ್ತು 125 ರೂಪಾಯಿಯ ನಾಣ್ಯ ಬಂದವು. 125ರದು ಡಬ್ಬಿಯಲ್ಲಿಟ್ಟು ಸಂಗ್ರಹಗಾರರಿಗೆ ಮಾರುವಂಥದು, ಅದನ್ನು ಕೊಟ್ಟು ಯಾರೂ ಸೊಪ್ಪು ಕೊಳ್ಳುವುದಿಲ್ಲ. ನನ್ನ ಬಳಿ ಇರುವುದು 1990ರ ರೂಪಾಯಿ. ರಾಮನಗರದ ಬಸ್ಸಿನಲ್ಲಿ ಚಿಲ್ಲರೆಯ ಜೊತೆ ಸಿಕ್ಕಿದ್ದು. ಇಸವಿಯ ಕೆಳಗೆ ನೋಡಬೇಕು: ವಜ್ರದಾಕಾರ ಇದ್ದರೆ ಮುಂಬೈ ಸಾಲೆ, ನಕ್ಷತ್ರ ಇದ್ದರೆ ಹೈದರಾಬಾದು. ನನ್ನದರಲ್ಲಿ ಆ ಗುರುತೂ ಮಸುಕಾಗಿದೆ. ಕನ್ನಡಕದ ಗೆರೆ ಇಲ್ಲ, ಹಣೆ ನುಣುಪಾಗಿದೆ. ಶೆಲ್ಡನ್ನನ ಲೆಕ್ಕದಲ್ಲಿ ಇದಕ್ಕೆ 15 ಸಿಕ್ಕರೆ ಹೆಚ್ಚು. ಇದೇ ವರ್ಷದ, ಯಾರೂ ಮುಟ್ಟದ ನಾಣ್ಯ ನೂರು ಇನ್ನೂರಕ್ಕೆ ಸಿಗುತ್ತದೆ, ತಗೋ ಅಂತ ಗೆಳೆಯರು ಹೇಳಿದರು. ನಾನು ತಗೊಳ್ಳಲಿಲ್ಲ. ಊರೂರ ಸಂತೆಯಲ್ಲಿ ಎಲ್ಲ ಜಾತಿಯ ಕೈಯೂ ಮುಟ್ಟಿ ಮುಟ್ಟಿ ಸವೆಸಿದ ಅಂಬೇಡ್ಕರ್ ನನಗೆ ಬೇಕು.

ನಾನು ಒಂದು ನೋಟುಬುಕ್ಕು ಇಟ್ಟಿದ್ದೇನೆ. ಇಸವಿ, ಲೋಹ, ತೂಕ, ದರ್ಜೆ ಎಲ್ಲರೂ ಬರೆಯುವಂತೆ ಬರೆಯುತ್ತೇನೆ. ಕೊನೆಯ ಕಲಮಿನ ಹೆಸರು 'ಯಾರ ಕೈ'. ಅಲ್ಲಿ ತಮಟೆಯವನು, ನೂಲು ಬಿಚ್ಚುವವಳು, ಕಲ್ಲು ಒಡೆಯುವವನು, ಬಸ್ ಕಂಡಕ್ಟರು ಇದ್ದಾರೆ. ನಿಮ್ಮ ಮನೆಯ ಮಡಕೆಯಲ್ಲಿ, ದೇವರ ಗಂಟಿನಲ್ಲಿ ಹಳೇ ಕಾಸಿದ್ದರೆ ತೊಳೆಯಬೇಡಿ, ಫೋನು ಮಾಡಿದವನಿಗೆ ಕೊಡಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಇದು ಯಾವ ಕೆಲಸದ ಕೂಲಿ, ಯಾರು ಕೊಟ್ಟದ್ದು, ಹೇಗೆ ಕೊಟ್ಟದ್ದು ಅಂತ ಕೇಳಿ ಬರೆದಿಡಿ. ಕಾಸು ಇನ್ನೂ ನೂರು ವರ್ಷ ಇರುತ್ತದೆ. ಹೇಳುವವರು ಇರುವುದಿಲ್ಲ.