ಹುಳಿತೇಗಿನ ಮದ್ದು

ಎದೆಯುರಿಯ ಮದ್ದು ನಮ್ಮ ಮನೆಯಲ್ಲಿ ಇರುತ್ತಿದ್ದದ್ದು ಅಡುಗೆಮನೆಯಲ್ಲೇ. ಹಬ್ಬದ ಮಧ್ಯಾಹ್ನ ಹೋಳಿಗೆ, ಆಂಬೊಡೆ ಹೊಡೆದು ಅಪ್ಪ ಹುಳಿತೇಗು ತೇಗುತ್ತ ಕೂತರೆ, ಅಮ್ಮ ನಿಂಬೆಹಣ್ಣು ಹಿಂಡಿದ ನೀರಿಗೆ ಅಡುಗೆ ಸೋಡಾ ಹಾಕಿ ಕೊಡುತ್ತಿದ್ದಳು. ನೊರೆ ಉಕ್ಕಿ ಚೆಲ್ಲುವುದರೊಳಗೆ ಕುಡಿಯಬೇಕು. ನಿಂಬೆಹುಳಿಯೇ ಒಂದಿಷ್ಟು ಸೋಡಾವನ್ನು ತಿಂದುಹಾಕುತ್ತದೆ. ಉಳಿದದ್ದು ಜಠರದ ಆಮ್ಲದೊಡನೆ ಸೇರಿ ಉಪ್ಪು, ನೀರು, ಗಾಳಿಯಾಗುತ್ತದೆ. ಆ ಗಾಳಿ ದೊಡ್ಡ ತೇಗಾಗಿ ಬಂದರೆ ಅಪ್ಪನಿಗೆ ಸಮಾಧಾನ. ಅವರಿಗೆ ಬಿಪಿ ಇತ್ತು. ಅದಕ್ಕೆಂದು ಎಲೆಗೆ ಉಪ್ಪಿನಕಾಯಿ ಬಡಿಸುತ್ತಿರಲಿಲ್ಲ, ಸೋಡಾದಲ್ಲೂ ಸೋಡಿಯಂ ಇದೆ ಅನ್ನುವುದು ಮಾತ್ರ ಯಾರ ತಲೆಗೂ ಹೋಗಿರಲಿಲ್ಲ.

ಆಮೇಲೆ ಗುಲಾಬಿ ಬಣ್ಣದ ಡೈಜೀನ್ ಬಂತು. ತಳದಲ್ಲಿ ಕೂತ ಗಸಿಯನ್ನು ಚೆನ್ನಾಗಿ ಕುಲುಕಿ ಕುಡಿಯಬೇಕು. ಬಾಟಲಿಯ ಕತ್ತಿನಲ್ಲಿ ಒಣಗಿದ ಔಷಧಿ ಹಳೇ ಗೋಡೆಯ ಸುಣ್ಣದ ಹಾಗೆ ಉದುರುತ್ತಿತ್ತು. ಇಂಥ ಔಷಧಿಗಳಲ್ಲಿ ಮೆಗ್ನೀಸಿಯಂ ಭೇದಿ ಮಾಡಿಸುತ್ತದೆ, ಅಲ್ಯೂಮಿನಿಯಂ ಮಲ ಕಟ್ಟಿಸುತ್ತದೆ. ಎರಡನ್ನೂ ಬೆರೆಸುವುದು ಅದಕ್ಕೇ.

ಆ ಕಾಲವೇ ಚೆನ್ನಾಗಿತ್ತು ಅನ್ನುವವರಿಗೆ ನಮ್ಮ ದೊಡ್ಡಪ್ಪನ ಹೊಟ್ಟೆಯ ಮೇಲಿನ ಹೊಲಿಗೆ ತೋರಿಸಬೇಕಿತ್ತು. ಅಲ್ಸರ್ ಅಂತ ಜಠರದ ಒಂದು ಭಾಗವನ್ನೇ ತೆಗೆದಿದ್ದರು. ಖಾರ, ಚಿಂತೆ ಎರಡನ್ನೂ ಬಿಡಿ ಅಂದಿದ್ದರಂತೆ. ಖಾರ ಬಿಟ್ಟರು, ಹೆಣ್ಣುಮಕ್ಕಳ ಮದುವೆ ಬಾಕಿ ಇತ್ತು, ಚಿಂತೆ ಬಿಡಲಾಗಲಿಲ್ಲ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡು ತೋರಿಸಿದರು. ಬಹಳಷ್ಟು ಅಲ್ಸರ್‌ಗಳ ಮೂಲ ಅದೇ ಎಂದು ಗೊತ್ತಾಗಿ, 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಈಗ ಅದಕ್ಕೆ ಸಾಮಾನ್ಯವಾಗಿ ಎರಡು ವಾರದ ಮಾತ್ರೆ ಸಾಕು. ದೊಡ್ಡಪ್ಪ ಸುಮ್ಮನೆ ಸಪ್ಪೆ ಸಾರು ಉಂಡರು.

ಈಗಿನದು ಪ್ಯಾಂಟೊಪ್ರಜೋಲ್ ಕಾಲ. ಆಂಟಾಸಿಡ್ ಇರುವ ಆಮ್ಲವನ್ನು ತಣಿಸುತ್ತದೆ, ಇದು ಆಮ್ಲ ಸುರಿಯುವುದನ್ನೇ ತಗ್ಗಿಸುತ್ತದೆ. ಆದ್ದರಿಂದ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಉರಿ ಹತ್ತಿದ ಮೇಲೆ ನುಂಗಿ ತಕ್ಷಣ ಶಮನವಾಗಲಿ ಅಂದರೆ ಆಗದು. ಆದರೂ ಮೆಡಿಕಲ್ ಶಾಪಿನಲ್ಲಿ "ಗ್ಯಾಸ್ಟ್ರಿಕ್‌ಗೆ ಒಂದು ಕೊಡಿ" ಅಂದವರಿಗೆ ಶೀಟಿನಿಂದ ಕತ್ತರಿಸಿ ಕೊಡುವುದು ಬಹುಪಾಲು ಅದನ್ನೇ. ಮಂಡಿನೋವಿನ ಚೀಟಿಯಲ್ಲೂ ಅದಿರುತ್ತದೆ. ನೋವಿನ ಮಾತ್ರೆಯ ಜೊತೆ ಕೆಲವರಿಗೆ ಅದು ಬೇಕು, ನಿಜ. ಆದರೆ ನೋವು ಹೋಗಿ ವರ್ಷವಾದರೂ ಬಿಡದವರನ್ನು ನೋಡಿದ್ದೇನೆ.

ನಮ್ಮ ಭಾವ ಮದುವೆ ಊಟಕ್ಕೆ ಹೊರಡುವಾಗ ಮೊದಲು ಮಾತ್ರೆ ನುಂಗಿ, ಆಮೇಲೆ ಕಾರಿನ ಕೀ ಹುಡುಕುತ್ತಾರೆ. "ಎದೆ ಉರೀತಿದೆಯಾ ಭಾವ?" ಅಂದರೆ, "ಇಲ್ಲಪ್ಪ, ಇವತ್ತು ಎರಡು ಥರ ಹೋಳಿಗೆಯಂತೆ" ಅನ್ನುತ್ತಾರೆ.