ನಾನೂ ತೆಲಗಿ

ಬೆಂಗಳೂರಿನ ಬಾಡಿಗೆದಾರನಿಗೆ ಹನ್ನೊಂದು ತಿಂಗಳಿಗೊಮ್ಮೆ ತಾನು ಯಾರೆಂಬುದು ನೆನಪಾಗುತ್ತದೆ. ಕರಾರು ಪತ್ರ ಹೊಸದು ಮಾಡಿಸಲು ಜಯನಗರ ನಾಲ್ಕನೇ ಬ್ಲಾಕಿನ ಟೈಪಿಂಗ್ ಅಂಗಡಿಯೊಂದಕ್ಕೆ ಹೋಗಿದ್ದೆ. ಹುಡುಗ ಹಳೆಯ ಕರಾರು ತೆರೆದು, ತಾರೀಖು ತಿದ್ದಿ, ಬಾಡಿಗೆಗೆ ಶೇಕಡಾ ಐದು ಸೇರಿಸಿ, ಇ-ಸ್ಟ್ಯಾಂಪಿಗೆಂದು ಸೆಕೆಂಡ್ ಪಾರ್ಟಿಯ ಹೆಸರು ಕೇಳಿದ. ಹೇಳಿದೆ.

"ತೆಲಗಿ ಅಂದ್ರೆ... ಆ ತೆಲಗೀನಾ ಸಾರ್?"

"ಅದು ಊರಿನ ಹೆಸರಪ್ಪ."

"ಬೇಜಾರು ಮಾಡ್ಕೋಬೇಡಿ ಸಾರ್. ತೆಲಗಿ ಬಂದು ನಮ್ಮತ್ರ ಸ್ಟ್ಯಾಂಪ್ ಪೇಪರ್ ಕೇಳ್ತಿದಾರಲ್ಲ ಅಂತ ನಗು ಬಂತು."

ಜೆರಾಕ್ಸಿಗೆ ನಿಂತಿದ್ದವರೂ ನಕ್ಕರು. ನಾನೂ ನಕ್ಕೆ. ನಕಲಿ ಛಾಪಾ ಕಾಗದದ ಹಗರಣ ಬಯಲಾದಾಗ ಆ ಹುಡುಗ ಹುಟ್ಟಿರಲಿಕ್ಕೂ ಇಲ್ಲ. 2023ರಲ್ಲಿ ವೆಬ್ ಸೀರೀಸ್ ಬಂದು, ಮರೆಯುತ್ತಿದ್ದವರಿಗೆಲ್ಲ ಮತ್ತೆ ಪಾಠ ಮಾಡಿಬಿಟ್ಟಿತು.

ನಮ್ಮದು ಬಸವನ ಬಾಗೇವಾಡಿ ಸೀಮೆಯ ತೆಲಗಿ. ಅಜ್ಜ ಊರು ಬಿಟ್ಟು ಬಿಜಾಪುರಕ್ಕೆ ಬಂದ, ಅಲ್ಲಿಯ ಜನ ಅವನನ್ನು ತೆಲಗಿ ಎಂದರು, ಅಷ್ಟೇ. ನಮ್ಮ ಕಡೆ ಅಡ್ಡಹೆಸರು ಹುಟ್ಟುವುದೇ ಊರು ಬಿಟ್ಟ ಮೇಲೆ. ತೆಲಗಿಯಲ್ಲೇ ಇದ್ದವನನ್ನು ತೆಲಗಿ ಅಂತ ಯಾರು ಕರೆಯುತ್ತಾರೆ? ಆ ಅಬ್ದುಲ್ ಕರೀಂ ತೆಲಗಿ ಖಾನಾಪುರದವನು. ಅವನ ಹಿರಿಯರೂ ಯಾವ ಕಾಲಕ್ಕೋ ಯಾವುದೋ ತೆಲಗಿ ಬಿಟ್ಟು ಬಂದವರೇ ಇರಬೇಕು.

ನಾನು ಬೆಂಗಳೂರಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಇಲ್ಲಿಯವರಿಗೆ ಇನಿಷಿಯಲ್ ಇದ್ದರೆ ಸಾಕು, ಅಡ್ಡಹೆಸರು ಅಂದರೆ ಏನೋ ಹೆಚ್ಚುವರಿ ಸಾಮಾನು. ಬನಶಂಕರಿಯ ಮೊದಲ ಮನೆಯ ಓನರ್ ಆಂಟಿ "ತೆಲುಗಿನವರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತೆಲುಗಿನಲ್ಲೇ ನೀರಿನ ಟೈಮಿಂಗ್ ವಿವರಿಸಿದ್ದರು. ಗ್ಯಾಸ್ ಬುಕ್ಕಿನಲ್ಲಿ ತೇಲ್ಗಿ, ಕರೆಂಟ್ ಬಿಲ್ಲಿನಲ್ಲಿ ತಲಗಿ. ಹೋದಲ್ಲೆಲ್ಲ ಕಾಗುಣಿತ ಹೇಳಿಕೊಡಬೇಕಿತ್ತು.

2001ರ ನವೆಂಬರಿನಲ್ಲಿ ಆ ಕರೀಂ ತೆಲಗಿ ಅಜ್ಮೀರಿನಲ್ಲಿ ಸಿಕ್ಕಿಬಿದ್ದ. ಎರಡು ವರ್ಷದೊಳಗೆ ಕಾಗುಣಿತದ ತೊಂದರೆ ಪೂರ್ತಿ ನೀಗಿತು. ಪತ್ರಿಕೆಗಳು ಕರೀಂ ಲಾಲಾ ತೆಲಗಿ ಎಂದು ಬರೆದವು, 'ಸ್ಟ್ಯಾಂಪಿಟ್' ಎಂಬ ತನಿಖಾ ತಂಡವೇ ಹುಟ್ಟಿತು, ಸಾವಿರಾರು ಕೋಟಿಗಳ ಲೆಕ್ಕ ವಾರವಾರಕ್ಕೂ ಏರಿತು. ಬ್ಯಾಂಕೊಂದರಲ್ಲಿ ನನ್ನ ಸಾಲದ ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿದರು. ತಮಾಷೆಗೇ ಹಿಡಿದದ್ದು. ಸಾಲ ಮಾತ್ರ ಸಿಗಲಿಲ್ಲ. ಅವನು ಮುಂಬೈಯ ಬಾರಿನಲ್ಲಿ ಒಂದೇ ರಾತ್ರಿ 93 ಲಕ್ಷ ತೂರಿದ ಎಂಬ ಸುದ್ದಿ ಹಬ್ಬಿದ ಮೇಲಂತೂ ದರ್ಶಿನಿಯಲ್ಲಿ ಐದು ರೂಪಾಯಿ ಚಿಲ್ಲರೆಗೆ ಕಾಯುವುದು ನನಗೇ ಮುಜುಗರವಾಗತೊಡಗಿತು.

ಬಿಜಾಪುರಕ್ಕೆ ಫೋನ್ ಮಾಡಿ ಹೆಸರು ಬದಲಿಸಲೇ ಎಂದು ಅಪ್ಪನನ್ನು ಕೇಳಿದೆ. "ಊರಿನ ಹೆಸರದು. ಅವನ ಅಪ್ಪನ ಆಸ್ತಿ ಏನಲ್ಲ. ಸುಮ್ಮ ಕುಂದರು" ಎಂದರು.

ಸುಮ್ಮನೆ ಕೂತವನು ಛಾಪಾ ಕಾಗದದ ಚರಿತ್ರೆ ಓದಿದೆ. ಇದರ ಮೂಲ ಹಾಲೆಂಡಿನಲ್ಲಿದೆ. ಯುದ್ಧದ ಖರ್ಚಿಗೆ ದುಡ್ಡು ಸಾಲದೆ, ಜನರಿಗೆ ಹೆಚ್ಚು ನೋಯದಂಥ ಹೊಸ ತೆರಿಗೆ ಸೂಚಿಸಿದವರಿಗೆ ಬಹುಮಾನ ಎಂದು ಅಲ್ಲಿಯ ಸರ್ಕಾರ ಸಾರಿತಂತೆ. ಯಾರೋ ಪುಣ್ಯಾತ್ಮ, ಕಾಗದಕ್ಕೆ ಮುದ್ರೆ ಒತ್ತಿ ಮಾರಿ ಎಂದ. 1624ರಲ್ಲಿ ಅದು ಜಾರಿಗೆ ಬಂತು. ಖರ್ಚು ಮುದ್ರೆಯದು, ಲಾಭ ಮಾತ್ರ ಕೋಟಿಗಟ್ಟಲೆ! 1694ರಲ್ಲಿ ಇಂಗ್ಲೆಂಡ್ ಇದನ್ನು ಕಲಿತಿತು, 1765ರಲ್ಲಿ ಅಮೆರಿಕದ ಮೇಲೆ ಹೇರಲು ಹೋಗಿ ಒಂದು ದೇಶವನ್ನೇ ಕಳೆದುಕೊಳ್ಳುವ ದಾರಿ ಹಿಡಿಯಿತು. ನಮ್ಮಲ್ಲಿ ಇವತ್ತಿಗೂ ನಡೆಯುತ್ತಿರುವುದು 1899ರ ಸ್ಟ್ಯಾಂಪ್ ಕಾಯ್ದೆ. ಕರ್ನಾಟಕಕ್ಕೆ ತನ್ನದೇ 1957ರದ್ದೂ ಇದೆ. ತಲೆಯ ಮೇಲೆ ಸಿಂಹಮುದ್ರೆ, ಸುತ್ತ ಬಳ್ಳಿ ಚಿತ್ತಾರ, ಹಿಂಬದಿಗೆ ವೆಂಡರನ ವಕ್ರ ಸಹಿ ಇದ್ದ ಆ ಗರಿಗರಿ ಹಾಳೆಯ ನಿಜವಾದ ಬೆಲೆ ಕೆಲವು ಪೈಸೆ. ಉಳಿದದ್ದೆಲ್ಲ ನಂಬಿಕೆ. ಹಾಲೆಂಡಿನವನು ಕಂಡ ಲಾಭವನ್ನೇ ಖಾನಾಪುರದವನೂ ಕಂಡ. ನಾಶಿಕದ ಸರ್ಕಾರಿ ಮುದ್ರಣಾಲಯ ಹರಾಜು ಹಾಕಿದ ಹಳೆಯ ಯಂತ್ರಗಳನ್ನೇ ಹಿಡಿದು ಅಚ್ಚು ಹಾಕಿಸಿದನಂತೆ. ಒಬ್ಬನಿಗೆ ಬಹುಮಾನ, ಇನ್ನೊಬ್ಬನಿಗೆ 30 ವರ್ಷ ಶಿಕ್ಷೆ ಮತ್ತು 202 ಕೋಟಿ ದಂಡ. ಅವನು ಮಾಡಿದ್ದು ಸರಿ ಎನ್ನುತ್ತಿಲ್ಲ. ಆದರೂ ಅಡ್ಡಹೆಸರಿನವನು, ಸ್ವಲ್ಪ ಪಕ್ಷಪಾತ ಇರುತ್ತದೆ.

ಅವನು ನಮ್ಮ ಭಾಗಕ್ಕೇ ಬಂದು ಬಿದ್ದ ಎಂಬುದೂ ಒಂದು. ಬಿಟಿಎಂನಿಂದ ಹೊಸೂರು ರಸ್ತೆ ಹಿಡಿದರೆ ಪರಪ್ಪನ ಅಗ್ರಹಾರದ ಜೈಲು ಏನು ಮಹಾ ದೂರ? 2017ರಲ್ಲಿ ಜೈಲಿನ ಡಿಐಜಿ ಆಗಿದ್ದ ರೂಪಾ ಅವರು ವರದಿ ಕೊಟ್ಟಾಗ, ತೆಲಗಿಯ ಕೈಕಾಲು ಒತ್ತಲು ಜನ ಇದ್ದರೆಂಬ ಆರೋಪವೂ ಅದರಲ್ಲಿತ್ತು. ಈ ಭಾಗವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಯಾರೂ ಸೂಚನೆ ಅರ್ಥಮಾಡಿಕೊಳ್ಳಲಿಲ್ಲ. ಅದೇ ಅಕ್ಟೋಬರಿನಲ್ಲಿ ಅವನು ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸತ್ತ. ಮರುವರ್ಷದ ಕೊನೆಗೆ ನಾಶಿಕದ ಕೋರ್ಟು ಒಂದು ಕೇಸಿನಲ್ಲಿ ಸಾಕ್ಷ್ಯ ಸಾಲದೆಂದು ಅವನನ್ನು ಖುಲಾಸೆ ಮಾಡಿತು. ಆದರೆ ಖುಲಾಸೆಯ ಸುದ್ದಿ ಟೈಪಿಂಗ್ ಅಂಗಡಿಗಳವರೆಗೆ ಬರುವುದಿಲ್ಲ.

ಅವನಿಂದಾಗಿ ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದವೇ ನಿಂತುಹೋಯಿತು. ಫ್ರಾಂಕಿಂಗ್ ಬಂತು, ಆಮೇಲೆ ಇ-ಸ್ಟ್ಯಾಂಪ್. ಈಗಿನ ಹಾಳೆಯನ್ನು ಒಮ್ಮೆ ಸರಿಯಾಗಿ ಓದಿ ನೋಡಿ. ಮೇಲೆ ಸರ್ಟಿಫಿಕೇಟ್ ನಂಬರು, ಕೆಳಗೆ ಕೊಂಡವರ ಹೆಸರು, ಫಸ್ಟ್ ಪಾರ್ಟಿ, ಸೆಕೆಂಡ್ ಪಾರ್ಟಿ. ತೀರಾ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಎಚ್ಚರಿಕೆ: ಇದು ಅಸಲಿಯೇ ಎಂದು ವೆಬ್‌ಸೈಟಿನಲ್ಲಿ ಪರೀಕ್ಷಿಸಿಕೊಳ್ಳಿ, ಆ ಹೊಣೆ ನಿಮ್ಮದೇ. ನನ್ನ ಹಾಳೆಯಲ್ಲಿ ಈ ಎಚ್ಚರಿಕೆಗೆ ನಾಲ್ಕು ಬೆರಳು ಮೇಲೆ ದಪ್ಪಕ್ಷರದಲ್ಲಿ ತೆಲಗಿ ಎಂದಿರುತ್ತದೆ.

ಊರಿನ ಹಣೆಬರಹ ಊರು ಬಿಟ್ಟವರ ಕೈಯಲ್ಲಿ. ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಮಾನ ಬಂದದ್ದು ಹಾನಗಲ್ಲಿಗೆ. ಶಿರಸಿಯ ನೀಲೇಕಣಿ ಇವತ್ತು ದೇಶದ ಪ್ರತಿಯೊಬ್ಬರ ಆಧಾರ್ ಕಾರ್ಡಿನ ಹಿಂದೆ ನಿಂತಿದೆ. ನಮ್ಮೂರಿಗೆ ಸಿಕ್ಕಿದ್ದು ಇದು. ಮಗಳ ಹೆಸರಿಗೆ ಬರೀ ಟಿ ಇನಿಷಿಯಲ್ ಹಾಕಿಸಿ ಬೆಂಗಳೂರಿನ ಪದ್ಧತಿಯೊಳಗೆ ಅಡಗಿಸಿದ್ದೆ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು, ಅವಳು ಹಿಂದೆಮುಂದೆ ನೋಡದೆ ಪೂರ್ತಿ ಬರೆದಳು.

ತೆಲಗಿ ಅಡ್ಡಹೆಸರಿನ ತರುಣರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ದಯವಿಟ್ಟು ಸಂಗೀತವನ್ನೋ ಕ್ರಿಕೆಟ್ಟನ್ನೋ ಗಂಭೀರವಾಗಿ ಹಚ್ಚಿಕೊಳ್ಳಿ. ನನಗೆ ವಯಸ್ಸಾಯಿತು, ಎರಡೂ ಬರುವುದಿಲ್ಲ.