ಹೆತ್ತದ್ದು ಐದು

ವಿಜಯನಗರದ ಕೃಷ್ಣದೇವರಾಯನಿಗೆ ತಿರುಮಲ ಎಂಬ ಮಗನಿದ್ದ. 1524ರಲ್ಲಿ ರಾಯ ತಾನು ಬದುಕಿದ್ದಾಗಲೇ ಆರು ವರ್ಷದ ಆ ಹುಡುಗನಿಗೆ ಪಟ್ಟ ಕಟ್ಟಿದ. ತಾನು ಮಂತ್ರಿಯಾದ, ಮಹಾಮಂತ್ರಿ ಸಾಳುವ ತಿಮ್ಮರಸ ಸಲಹೆಗಾರನಾದ. ತಂದೆಯೇ ಮಗನಿಗೆ ನಮಸ್ಕರಿಸುತ್ತಿದ್ದನಂತೆ. ಎಂಟು ತಿಂಗಳು ಉತ್ಸವ ನಡೆಯಿತು. ಉತ್ಸವ ನಡೆಯುತ್ತಿರುವಾಗಲೇ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ.

ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನೂನಿಜ್, ಸುಮಾರು ಹತ್ತು ವರ್ಷ ಕಳೆದ ಮೇಲೆ. ರಾಬರ್ಟ್ ಸಿವೆಲ್ 1900ರಲ್ಲಿ ಆ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅದರಲ್ಲಿ ಮೊದಲು ಬರುವ ಮಾತು ಕಾಯಿಲೆ. ಸ್ವಲ್ಪ ಮುಂದೆ ಹೋದರೆ ಅದೇ ಕಾಯಿಲೆ ವಿಷವಾಗುತ್ತದೆ: ತಿಮ್ಮರಸನ ಮಗ ವಿಷವಿಕ್ಕಿದನೆಂದು ರಾಯನಿಗೆ ತಿಳಿಯಿತಂತೆ. ಕಾಯಿಲೆಯಾದರೆ ಶಿಕ್ಷಿಸಲು ಯಾರೂ ಸಿಗುವುದಿಲ್ಲ, ವಿಷವಾದರೆ ಸಿಗುತ್ತಾರೆ. ಅಲ್ಲಿಂದಾಚೆ ಕತೆ ತಿಮ್ಮರಸನದು: ಸೆರೆಮನೆ, ಕೀಳಿಸಿದ ಕಣ್ಣು. ನಾಟಕ ಸಿನಿಮಾ ನೋಡಿ ನಾವು ಅತ್ತದ್ದೂ ಅವನಿಗಾಗಿಯೇ. ಸಾವನ್ನು ಹೇಳುವ ನೂನಿಜ್ ಹುಡುಗನ ಹೆಸರು ಹೇಳುವುದಿಲ್ಲ. ಹೆಸರು ಹೇಳುವ 1524ರ ಶಾಸನಗಳಲ್ಲಿ ಅವನಿನ್ನೂ ಮಹಾರಾಯ, ಅಲ್ಲಿ ಸಾವಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೂ ಹಿಂದೆ, 1253ರಲ್ಲಿ, ಮೂರನೇ ಹೆನ್ರಿಗೆ ಕ್ಯಾಥರೀನ್ ಎಂಬ ಮಗಳು ಹುಟ್ಟಿದಳು. 1257ರ ಮೇ ತಿಂಗಳಲ್ಲಿ ಸತ್ತಳು, ನಾಲ್ಕು ವರ್ಷ ತುಂಬಿರಲಿಲ್ಲ. ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಅವಳನ್ನು ಮೂಗಿ, ಯಾವುದಕ್ಕೂ ಬಾರದವಳು, ಆದರೆ ಮುಖ ಚೆಂದ ಎಂದು ಬರೆದ. ಇಂಗ್ಲಿಷಿನಲ್ಲಿ ಎಳೆಕೂಸಿಗೆ ಹೇಳುವ ಇನ್‌ಫ್ಯಾಂಟ್ ಎಂಬ ಪದದ ಲ್ಯಾಟಿನ್ ಮೂಲಕ್ಕೆ ಮಾತಾಡದ್ದು ಎಂದೇ ಅರ್ಥ. ಮಾತಾಡದ ಆ ಮಗಳಿಗೆ ಹೆನ್ರಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಗೋರಿ ಕಟ್ಟಿಸಿ, ಬಂಗಾರದ ನೀರು ಕುಡಿಸಿದ ಬೆಳ್ಳಿಯ ಪ್ರತಿಮೆ ಮಾಡಿಸಿದ. ಗೋರಿ ಇದೆ, ಪ್ರತಿಮೆ ಈಗಿಲ್ಲ. ರಾಜಕಾರಣದ ಲೆಕ್ಕದಲ್ಲಿ ಏನೂ ಅಲ್ಲದ ಮಗು ತಂದೆಯ ಲೆಕ್ಕದಲ್ಲಿ ಇತ್ತು.

ಈ ಎರಡು ಲೆಕ್ಕ ಅರಮನೆಗಳಿಗೆ ಮಾತ್ರ ಸೇರಿದ್ದಲ್ಲ. 2011ರ ಫೆಬ್ರವರಿಯಲ್ಲಿ ಚೆಂಬೂರಿನ ಒಂದು ಕನ್ನಡದ ಮನೆಗೆ ಜನಗಣತಿಯವರು ಬಂದರು. ಅಜ್ಜಿಗೆ ಮಕ್ಕಳೆಷ್ಟು ಎಂದು ಮರಾಠಿಯಲ್ಲಿ ಕೇಳಿದರು. ಸೊಸೆ ನಾಲ್ಕು ಎಂದಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು ಹೊರಗೆ ಬಂದರು.

"ಹೆತ್ತದ್ದು ಐದು. ಉಳಿದದ್ದು ನಾಲ್ಕು. ಸರಿಯಾಗಿ ಬರೆಸು."

"ಅದೆಲ್ಲ ಈಗ ಯಾಕೆ ಅತ್ತೆ?"

ಆದರೆ ಫಾರಂನಲ್ಲಿ ಅದೂ ಇತ್ತು. ಬದುಕಿರುವ ಮಕ್ಕಳೆಷ್ಟು, ಒಟ್ಟು ಹುಟ್ಟಿದ ಮಕ್ಕಳೆಷ್ಟು ಎಂದು ಬೇರೆಬೇರೆ ಪ್ರಶ್ನೆಗಳು. ಗಣತಿಯಾಕೆ ಎರಡನ್ನೂ ಬರೆದುಕೊಂಡರು. ನಾಮಕರಣಕ್ಕೂ ಮುಂಚೆ ಹೋದ ಮಗು ಅದು. ಮನೆಯಲ್ಲಿ ಐವತ್ತು ವರ್ಷ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು, ಅದು ಗಂಡೋ ಹೆಣ್ಣೋ ಎಂದು ಕೇಳಿದಳು. ಹೆಣ್ಣು, ತಲೆ ತುಂಬ ಕೂದಲಿತ್ತು ಎಂದರು ಅಜ್ಜಿ.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಶಾಲೆಯ ಪುಸ್ತಕದ ವಂಶಾವಳಿಯಲ್ಲಿ ಅವನ ಹೆಸರಾದ ಮೇಲೆ ತಮ್ಮ ಅಚ್ಯುತರಾಯನ ಹೆಸರು. ನಡುವೆ ಪಟ್ಟವೇರಿದ್ದ ಹುಡುಗನಿಗೆ ಅಲ್ಲಿ ಸಾಲಿಲ್ಲ. ಉಳಿದವರನ್ನು ಮಾತ್ರ ಎಣಿಸಿದ ಪಟ್ಟಿ ಅದು.